ಅಡುಗೆ ಕಟ್ಟೆಯ ಮೇಲಿನ ಒಳಕಲ್ಲು: ಎರಡು ಲೀಟರಿನ ವೆಟ್ ಗ್ರೈಂಡರ್, ತುಮಕೂರಿನ ಒಂದು ಮನೆಯಿಂದ

ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ ಐದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕೊಂಡ ಎರಡು ಲೀಟರಿನ ಟೇಬಲ್ ಟಾಪ್ ವೆಟ್ ಗ್ರೈಂಡರ್ ನಮ್ಮ ಮನೆಯಲ್ಲಿ ವಾರವಾರವೂ ತಿರುಗುತ್ತಿದೆ. ಯಂತ್ರವು ನಮ್ಮ ಬದುಕಿನ ರೀತಿಯನ್ನು ಬದಲಿಸುತ್ತದೆಯೋ, ನಮ್ಮ ಬದುಕಿನ ರೀತಿಯೇ ಯಂತ್ರಕ್ಕೆ ರೂಪ ಕೊಡುತ್ತದೆಯೋ ಎಂಬ ಚರ್ಚೆ ಬಂದಾಗಲೆಲ್ಲ ಮೊಬೈಲ್ ಫೋನಿನ ಮಾತೇ ಮುಂದೆ ಬರುತ್ತದೆ. ಆದರೆ ಈ ಪ್ರಶ್ನೆಗೆ ಗ್ರೈಂಡರಿನಷ್ಟು ಸ್ಪಷ್ಟವಾಗಿ ಉತ್ತರ ಹೇಳುವ ವಸ್ತು ಮನೆಯಲ್ಲಿ ಇನ್ನೊಂದಿಲ್ಲ ಎಂದು ನನಗೆ ಅನ್ನಿಸಿದೆ. ಆದ್ದರಿಂದ ಇದರ ಗುಣದೋಷಗಳನ್ನು ಆ ಪ್ರಶ್ನೆಯೊಂದಿಗೇ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಕೆಲಸದ ಮಾತು. ನೆಲಕ್ಕೆ ಹೂತ ಒಳಕಲ್ಲಿನಲ್ಲಿ ಕಲ್ಲು ಕದಲದೆ ಕೂತಿದ್ದು ಗುಂಡು ತಿರುಗುತ್ತಿತ್ತು. ಇಲ್ಲಿ ಸ್ಟೀಲಿನ ಡ್ರಮ್ಮು ತಿರುಗುತ್ತದೆ, ಅದರ ತಳದಲ್ಲಿಯೂ ಕಲ್ಲಿದೆ, ಮೇಲಿನ ಗುಂಡುಗಳು ನಿಂತಲ್ಲೇ ಉರುಳುತ್ತವೆ. ನೆನೆದ ಉದ್ದಿನಬೇಳೆಯನ್ನು ಹಾಕಿ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸುತ್ತಾ ಹೋದರೆ ಅರ್ಧ ಗಂಟೆಯೊಳಗೆ ಹಿಟ್ಟು ಉಬ್ಬಿ ಡ್ರಮ್ಮಿನ ಅಂಚಿನತ್ತ ಏರುತ್ತದೆ. ಬೆರಳಲ್ಲಿ ತೆಗೆದು ನೀರಿಗೆ ಬಿಟ್ಟರೆ ಮುಳುಗದೆ ತೇಲುತ್ತದೆ. ಮಿಕ್ಸಿಯ ಬ್ಲೇಡು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿ ಹಿಟ್ಟನ್ನು ಬಿಸಿ ಮಾಡಿಬಿಡುತ್ತದೆ. ಕಲ್ಲು ನಿಧಾನವಾಗಿ ಅರೆಯುವುದರಿಂದ ಹಿಟ್ಟು ತಣ್ಣಗೆ ಉಳಿದು, ಉದ್ದಿನ ಅಂಟು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ತಿಂದು ಬೆಳೆದವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಅಕ್ಕಿಯನ್ನು ಮಾತ್ರ ತರಿಯಾಗಿ ಇರುವಾಗಲೇ ನಿಲ್ಲಿಸಬೇಕು, ಏಕೆಂದರೆ ಒಂದೆರಡು ನಿಮಿಷ ಹೆಚ್ಚಾದರೂ ಅದು ನುಣ್ಣಗಾಗಿ ಇಡ್ಲಿ ಗಟ್ಟಿಯಾಗುತ್ತದೆ. ಟೈಮರ್ ಇರುವ ಮಾದರಿಗಳೂ ಸಿಗುತ್ತವೆ, ಆದರೆ ಬೆರಳ ತುದಿಯಲ್ಲಿ ಮುಟ್ಟಿ ನೋಡುವ ಅಭ್ಯಾಸಕ್ಕೆ ಟೈಮರ್ ಬದಲಿಯಲ್ಲ.

ಈ ಯಂತ್ರದಲ್ಲಿ ಕಲ್ಲು ಏಕೆ ಉಳಿದಿದೆ ಎಂಬುದನ್ನು ಯೋಚಿಸಬೇಕು. ಮೋಟಾರು ಬಂದ ಮೇಲೆ ಕಲ್ಲನ್ನು ಬಿಟ್ಟು ಉಕ್ಕಿನ ಬ್ಲೇಡಿಗೆ ಹೋಗುವುದು ತಯಾರಕರಿಗೆ ಸುಲಭವಾಗಿತ್ತು, ಸಾಗಣೆಗೂ ಹಗುರವಾಗುತ್ತಿತ್ತು. ಆದರೆ 1950ರ ದಶಕದಲ್ಲಿ ಕೊಯಮತ್ತೂರಿನಲ್ಲಿ ರೂಪುಗೊಂಡ ವಿದ್ಯುತ್ ಗ್ರೈಂಡರ್ ಕಲ್ಲನ್ನು ಬಿಡಲಿಲ್ಲ, ಏಕೆಂದರೆ ಇಡ್ಲಿ ಹಿಟ್ಟು ಹೇಗಿರಬೇಕೆಂಬುದು ಯಂತ್ರ ಬರುವ ಮೊದಲೇ ತೀರ್ಮಾನವಾಗಿತ್ತು. ಇಂದು ಕೊಯಮತ್ತೂರು ವೆಟ್ ಗ್ರೈಂಡರಿಗೆ ಭೌಗೋಳಿಕ ಸೂಚಕದ, ಅಂದರೆ ಆ ಊರಿನದೇ ವಿಶೇಷ ಉತ್ಪನ್ನವೆಂಬ, ಮಾನ್ಯತೆಯೂ ಇದೆ. ಮಿಕ್ಸಿಯ ಕಥೆಯೂ ಇದೇ ಜಾಡಿನದು. ಮಾಧುರಿ ಮಾಥುರ್ ಎಂಬವರ ಮನೆಯಲ್ಲಿದ್ದ, ಜರ್ಮನಿಯಲ್ಲಿ ತಯಾರಾದ ಮಿಕ್ಸರು ನಮ್ಮ ಅಡುಗೆಯ ರುಬ್ಬುವ ಕೆಲಸವನ್ನು ತಾಳಲಾರದೆ ಕೆಟ್ಟಾಗ, ಅವರ ಪತಿ, ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್, ಗಟ್ಟಿ ಮೋಟಾರಿನ ಮಿಕ್ಸಿಯೊಂದನ್ನು ರೂಪಿಸಿದರು. 1963ರಲ್ಲಿ ಸುಮೀತ್ ಎಂಬ ಹೆಸರಿನ ಮಿಕ್ಸಿ ಹುಟ್ಟಿದ್ದು ಹೀಗೆ. ಇಲ್ಲಿಯವರೆಗೆ ಅಡುಗೆಯೇ ಯಂತ್ರಕ್ಕೆ ಆಜ್ಞೆ ಮಾಡಿದೆ.

ಅಲ್ಲಿಂದಾಚೆಗೆ ಯಂತ್ರದ ಕೈ ಮೇಲಾಗಿದೆ ಎಂಬುದು ನನ್ನ ಅಭಿಪ್ರಾಯ. ನಮ್ಮದು ರಾಗಿಯ ಸೀಮೆ. ಹಿಂದಿನ ತಲೆಮಾರಿನಲ್ಲಿ ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ದೋಸೆ ಹುಯ್ಯುವುದೆಂದರೆ ಹಬ್ಬ, ಇಲ್ಲವೇ ನೆಂಟರು ಬಂದಿದ್ದಾರೆ ಎಂದರ್ಥ. ಅಕ್ಕಿ ದುಬಾರಿಯಾಗಿದ್ದುದು ಒಂದು ಕಾರಣವಾದರೆ, ಹೊಲದ ಕೆಲಸ ಮುಗಿಸಿ ಬಂದ ಹೆಂಗಸರು ರಾತ್ರಿ ಒಳಕಲ್ಲಿನ ಮುಂದೆ ಕೂತು ರಟ್ಟೆ ನೋಯುವಂತೆ ರುಬ್ಬಬೇಕಾಗಿದ್ದುದು ಇನ್ನೊಂದು. ಪಡಿತರದ ಅಕ್ಕಿ ಮೊದಲನೆಯದನ್ನು ಸಡಿಲಿಸಿತು, ಗ್ರೈಂಡರು ಎರಡನೆಯದನ್ನು ತೆಗೆದುಹಾಕಿತು, ಫ್ರಿಜ್ಜು ಒಮ್ಮೆ ರುಬ್ಬಿದ ಹಿಟ್ಟನ್ನು ನಾಲ್ಕು ದಿನಕ್ಕೆ ಹಂಚಿತು. ಪರಿಣಾಮವಾಗಿ ಹಬ್ಬದ ತಿಂಡಿ ದಿನದ ತಿಂಡಿಯಾಗಿ, ಬೆಳಗಿನ ರಾಗಿ ರೊಟ್ಟಿ ಅನೇಕ ಮನೆಗಳಲ್ಲಿ ಹಿಂದೆ ಸರಿದಿದೆ. ಈ ಬದಲಾವಣೆಯನ್ನು ನಾನು ಹಳಿಯಲಾರೆ, ಏಕೆಂದರೆ ಒಳಕಲ್ಲಿನ ಮುಂದೆ ಕೂತವರ ಸೊಂಟ ನೋವನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಆದರೂ ರಾಗಿ ಕಲ್ಲು ಮೂಲೆ ಸೇರಿ ಮಿಲ್ಲು ಬಂದಾಗ ಬೀಸುವ ಪದಗಳು ಹಾಡುವ ಸಂದರ್ಭವನ್ನೇ ಕಳೆದುಕೊಂಡವು ಎಂಬುದು ನನ್ನ ಮನಸ್ಸನ್ನು ಕಲಕುವ ಸಂಗತಿ. ಆ ಪದಗಳನ್ನು ಬರೆದಿಟ್ಟುಕೊಂಡವರಿದ್ದಾರೆ, ಆದರೆ ಬೀಸುವ ಕೈಯ ಲಯ ಬರಹದಲ್ಲಿ ಸಿಗುವುದಿಲ್ಲ.

ಕೊರತೆಗಳೂ ಇವೆ. ಬಸ್ಸಾರಿನ ಖಾರದಂತಹ ಸಣ್ಣ ಪ್ರಮಾಣವನ್ನು ಇದು ರುಬ್ಬುವುದಿಲ್ಲ. ಒಂದು ಹಿಡಿ ಮಸಾಲೆ ಡ್ರಮ್ಮಿನ ಗೋಡೆಗೆ ಅಂಟಿಕೊಂಡು ಗುಂಡಿಗೆ ಸಿಗದೆ ಸುತ್ತುತ್ತಲೇ ಇರುತ್ತದೆ. ಹಾಗಾಗಿ ಮಿಕ್ಸಿ ಮನೆಯಲ್ಲಿ ಇರಲೇಬೇಕು. ಜೊತೆಗೆ ಕೊಟ್ಟ ಕಾಯಿ ತುರಿಯುವ ಬಿಡಿಭಾಗ ನನಗೆ ಒಪ್ಪಿಗೆಯಾಗಲಿಲ್ಲ. ತಿರುಗುವ ಹಲ್ಲಿಗೆ ಕಾಯಿ ಹೋಳನ್ನು ಕೈಯಲ್ಲಿ ಒತ್ತಿ ಹಿಡಿಯುವುದು ಅಪಾಯಕರ, ತೆಂಗಿನ ಸೀಮೆಯವರಾದ ನಮಗೆ ಈಳಿಗೆ ಮಣೆಯ ಮೇಲೆ ಕೂತರೆ ಅದಕ್ಕಿಂತ ಬೇಗ ಕೆಲಸ ಮುಗಿಯುತ್ತದೆ. ಹಿಟ್ಟು ಕಲಸುವ ಭಾಗ ಚಪಾತಿಗೆ ಚೆನ್ನಾಗಿದೆ, ಮುದ್ದೆಗೆ ಪ್ರಯೋಜನವಿಲ್ಲ. ಕುದಿಯುವ ಎಸರಿನಲ್ಲಿ ಹಿಟ್ಟನ್ನು ಕೋಲಿನಿಂದ ತೊಳಸಿ, ಗಂಟು ಒಡೆದು, ಒದ್ದೆ ಕೈಯಲ್ಲಿ ಬಿಸಿಯಿರುವಾಗಲೇ ಕಟ್ಟುವ ಕೆಲಸವನ್ನು ನಮ್ಮ ಮನೆಯ ಯಾವ ಯಂತ್ರವೂ ಮುಟ್ಟಿಲ್ಲ. ಮದುವೆಯ ಒಳಕಲ್ಲು ಪೂಜೆಯ ಜಾಗಕ್ಕೂ ಗ್ರೈಂಡರು ಬಂದಿಲ್ಲ. ಅದಕ್ಕೆ ಕುಂಕುಮ ಸಿಗುವುದು ಆಯುಧಪೂಜೆಯ ದಿನ, ಬೈಕು ಮತ್ತು ಪಂಪಿನ ಜೊತೆಯಲ್ಲಿ.

ಕೊಳ್ಳುವವರು ಅಂಗಡಿಯಲ್ಲೇ ಡ್ರಮ್ಮನ್ನು ಕಲ್ಲಿನ ಸಮೇತ ಎತ್ತಿ ನೋಡಲಿ, ಏಕೆಂದರೆ ತೊಳೆಯುವಾಗ ಪ್ರತಿ ಸಲವೂ ಅದನ್ನು ಹೊರಬೇಕಾಗುತ್ತದೆ; ವಯಸ್ಸಾದವರಿರುವ ಮನೆಗೆ ಒಂದೂಕಾಲು ಲೀಟರಿನದು ವಾಸಿ. ಹೊಸ ಕಲ್ಲಿನಿಂದ ಪುಡಿ ಉದುರುವುದರಿಂದ ಮೊದಲ ಕೆಲವು ಸಲ ಹಳೆಯ ಅಕ್ಕಿಯನ್ನು ರುಬ್ಬಿ ಚೆಲ್ಲಬೇಕು. ಬೆಲ್ಟು ಸವೆದಾಗ ಬದಲಿ ಊರಿನಲ್ಲೇ ಸಿಗುತ್ತದೆಯೇ ಎಂದು ವಾರಂಟಿ ಕಾರ್ಡಿಗೆ ಸೀಲು ಹಾಕಿಸುವ ಮೊದಲೇ ಕೇಳಿಕೊಳ್ಳಿ.