ಸೂಪರ್ ಮಾರ್ಕೆಟ್ ಗಲ್ಲಿಯ ಟೇಪ್ ರಿಪೇರಿ ದುಕಾನ: ಮುತ್ಯಾನ ದನಿಗಿ ಹೋದ್ರ ರೋರಿ ಗ್ಯಾಲಹರ್ ಸಿಕ್ಕ

ಮೊದ್ಲ ಕೆಲಸದ ಮಾತು. ಕಲಬುರಗಿದಾಗ ಇನ್ನೂ ಟೇಪ್ ರೆಕಾರ್ಡರ್ ರಿಪೇರಿ ಮಾಡೋರು ಯಾರರೆ ಅದಾರೇನು ಅಂತ ಹುಡುಕ್ತಿದ್ರ, ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿದಾಗ ಮೊಬೈಲ್ ಕವರ್ ಮಾರೋ ಅಂಗಡಿಗೋಳ ನಡುವ ಒಂದು ಸಣ್ಣ ದುಕಾನ ಅದ. ಬೋರ್ಡಿನ ಅಕ್ಷರ ಬಿಸಿಲಿಗಿ ಹಾರಿಹೋಗ್ಯಾವ, ಬಾಗಲದಾಗ ಎರಡು ದೊಡ್ಡ ಸ್ಪೀಕರ್ ಡಬ್ಬಿ ಕಂಡ್ರ ಅದೇ ನೋಡ್ರಿ. ಕೆಲಸ ಛಲೋ, ಟೈಮ್ ಮಾತ್ರ ಕೇಳಬ್ಯಾಡ್ರಿ.

ನಾ ಹೋಗಿದ್ದು ನಮ್ ಮುತ್ಯಾನ ಸಲುವಾಗಿ. ಮುತ್ಯಾ ಹೋಗಿ 20 ವರ್ಷ ಆಯ್ತು. ಊರಾಗ ಭಜನಿ ಮೇಳದಾಗ ಏಕತಾರಿ ಹಿಡ್ಕೊಂಡು ಕಡಕೋಳ ಮಡಿವಾಳಪ್ಪನ ತತ್ವಪದ ಹಾಡ್ತಿದ್ದ, ಅದನ್ನ ನಮ್ ಕಾಕಾ ಎರಡು ಕ್ಯಾಸೆಟ್‌ನಾಗ ತುಂಬಿಸಿಟ್ಟಿದ್ದ. ಅಪ್ಪನ ಹಳೆ ಟೂ ಇನ್ ವನ್ (ರೇಡಿಯೋ, ಟೇಪ್ ಎರಡೂ ಇರೋ ಸೆಟ್) ಅಟ್ಟದ ಮ್ಯಾಲಿಂದ ಇಳಿಸಿ ಹಾಕಿದ್ರ ಮುತ್ಯಾನ ದನಿ ಬಾವ್ಯಾಗಿಂದ ಬಂದಂಗ ಬರ್ಲಿಕತ್ತು, ಎಳದು ಎಳದು, ನಡುನಡುವ ಎಮ್ಮಿ ಒದರಿದಂಗ. ಆಯಿ ಎರಡು ನಿಮಿಷ ಕೇಳಿ "ಬಂದ್ ಮಾಡೋ ಯಪ್ಪಾ, ಇದು ಅವರ ದನಿನೇ ಅಲ್ಲ" ಅಂದ್ಲು. ಮೊದ್ಲ ಬ್ಯಾರೆ ಒಂದ್ ಕಡಿ ಕೊಟ್ಟಿದ್ದೆ, ಒಂದು ತಿಂಗಳು ಇಟ್ಕೊಂಡು ಪಾರ್ಟ್ ಸಿಗಂಗಿಲ್ಲ ಅಂತ ವಾಪಸ್ ಕೊಟ್ರು, ಮನಿಗಿ ತಂದು ನೋಡಿದ್ರ ಹಿಂದಿನ ಸ್ಕ್ರೂ ಎರಡು ಕಮ್ಮಿ.

ಈ ದುಕಾನಿನ ಚಾಚಾ ಸೆಟ್ ಬಿಚ್ಚೋಕಿಂತ ಮೊದ್ಲ ಡ್ರಾದಾಗಿಂದ ಒಂದು ಕ್ಯಾಸೆಟ್ ತಗದು ಹಾಕಿದ್ರು. ಲೇಬಲ್ ಕಿತ್ತುಹೋಗಿದ್ದು, ಮ್ಯಾಲ ಉರ್ದುದಾಗ 'ಟೆಸ್ಟ್' ಅಂತ ಪೆನ್ನಿಲೆ ಬರದದ್ದು. ಒಳಗ ಏನದ ಅಂದ್ರ ಜನ ಕೂಗ್ಲಿಕತ್ತಾರ, ಗಿಟಾರ್ ಕುಯ್ಯ್ ಅಂತ ಹೋಗ್ಲಿಕತ್ತದ, ಯಾರೋ ಒಬ್ಬ ಗಂಟಲು ಹರಕೊಂಡು ಹಾಡ್ಲಿಕತ್ತಾನ. ನನ್ನ ಸೆಟ್ಟಿನಾಗ ಎಲ್ಲಾ ನಿದ್ದಿಗಣ್ಣಿನ್ಯಾಗ ಬಾರಿಸಿದಂಗ ಕೇಳಿಸ್ತಿತ್ತು, ಆದ್ರೂ ಮೈ ಝುಂ ಅಂತು ಖರೇನೇ. ಯಾರ್ರಿ ಇಂವ ಅಂದ್ರ ಚಾಚಾ "ಕೋನ್ ಕಿ ಪತಾ ನೈ ಬೇಟಾ, ದುಬೈದಿಂದ ಬಂದೋರು ಒಬ್ರು ಡೆಕ್ ರಿಪೇರಿಗಿ ಕೊಟ್ಟಿದ್ರು, ಅದರಾಗೇ ಇತ್ತು, ತಗೊಂಡು ಹೋಗ್ಲಿಕ್ಕಿ ಬರ್ಲೇ ಇಲ್ಲ" ಅಂದ್ರು. 25 ವರ್ಷದಿಂದ ದಿನಾ ಕೇಳೋ ಕ್ಯಾಸೆಟ್, ಹಾಡೋನ ಹೆಸರು ಗೊತ್ತಿಲ್ಲ! ಫೋನಿನಾಗಿನ ಹಾಡು ಹಿಡಿಯೋ ಆ್ಯಪ್ ಹಚ್ಚಿದೆ, ಮೂರು ಸರ್ತಿ ಹಚ್ಚಿದೆ, ಸಿಗಲಿಲ್ಲ.

ಟೆಸ್ಟಿಗಿ ಇದೇ ಯಾಕ ಅಂದ್ರ ಅದಕ್ಕ ಲೆಕ್ಕ ಅದ, ಸುಮ್ಮ ಅಲ್ಲ. ಕ್ಯಾಸೆಟಿನ ರೀಲು ಸೆಕೆಂಡಿಗಿ 4.76 ಸೆಂಟಿಮೀಟರ್ ಓಡಬೇಕು, ಬೆಲ್ಟ್ ಸಡಲಾದ್ರ ನಿಧಾನ ಆಗ್ತದ, ರೋಲರ್ ರಬ್ಬರ್ ಕಲ್ಲಾದ್ರ ಓಟ ಅಳ್ಳಾಡ್ತದ. ಈ ಗಿಟಾರಿನಾಂವ ಸುರಾ ಉದ್ದ ಎಳಿತಾನ, ಓಟದಾಗ ಚೂರು ತಪ್ಪಿದ್ರೂ ಅಲ್ಲಿ ಸಿಕ್ಕಿಬೀಳ್ತದ. ಡ್ರಮ್ಮಿನ ತಟ್ಟಿ ಛನ್ ಅನ್ನದೇ ಥಪ್ ಅಂದ್ರ ರೀಲಿನ ಮ್ಯಾಲಿನ ದನಿ ಓದೋ ಹೆಡ್ ವಾರಿ ಕುಂತದ ಅಂತ ಅರ್ಥ, ಬಾಜೂಕಿನ ಸಣ್ಣ ಸ್ಕ್ರೂ ಕೂದಲೆಳಿ ಅಷ್ಟು ತಿರುವೋದು. ಚಾಚಾ ಮೀಟರ್ ಇಟ್ಕೊಂಡಾರ ಖರೆ, ಅದರ ಮ್ಯಾಲ ಧೂಳ ಕುಂತದ. ಕಣ್ಣ ಮುಚ್ಚಿ ಕಿವಿಲೆ ಕೇಳೇ ತಿರುವೋದು.

ಮೂರು ದಿನ ಅಂದಿದ್ರು, 12 ದಿನ ಆಯ್ತು. ಎರಡು ಸರ್ತಿ ಹೋಗಿ ವಾಪಸ್ ಬಂದೆ, ಒಂದು ಸರ್ತಿ ಶುಕ್ರವಾರ ಮಧ್ಯಾಹ್ನ ಹೋಗಿದ್ದು ನಂದೇ ತಪ್ಪು, ನಮಾಜಿಗಿ ಬಂದ್ ಇರ್ತದ. ಫೋನ್ ಎತ್ತಂಗಿಲ್ಲ. ರಸೀದಿ ಇಲ್ಲ, ಸಿಗರೇಟ್ ಪಾಕೀಟಿನ ತುಂಡಿನ ಮ್ಯಾಲ ಬರದು ಕೊಡ್ತಾರ, ಅದು ಕಳಕೊಂಡ್ರ ನಿಮ್ ಸೆಟ್ ನೀವೇ ಆ ರಾಶಿದಾಗ ಹುಡುಕ್ಕೋಬೇಕು.

ಮೂರನೇ ಸರ್ತಿ ಹೋದಾಗ ಸೆಟ್ ರೆಡಿ. ಮೋಟರ್ ಹಿಂದಿನ ತೂತಿನಾಗ ಸಣ್ಣ ಸ್ಕ್ರೂಡ್ರೈವರ್ ಹಾಕಿ ಸ್ಪೀಡ್ ಮಾಡ್ಲಿಕತ್ತಿದ್ರು, ಅದೇ ಕ್ಯಾಸೆಟ್ ಓಡ್ಲಿಕತ್ತಿತ್ತು. ಏನೋ ಅನಿಸಿ ಮತ್ತೊಮ್ಮೆ ಆ್ಯಪ್ ಹಚ್ಚಿದೆ, ಈ ಸರ್ತಿ ಐದೇ ಸೆಕೆಂಡಿನಾಗ ಹಿಡೀತು. ಹಾಡೋನು ರೋರಿ ಗ್ಯಾಲಹರ್ ಅನ್ನೋ ಐರ್ಲೆಂಡಿನ ಗಿಟಾರಿನಾಂವ, ಆಲ್ಬಮ್ ಐರಿಶ್ ಟೂರ್ '74. ರಿಪೇರಿ ಸರಿ ಆಗ್ಯಾದ ಅನ್ಲಿಕ್ಕಿ ಇದಕ್ಕಿಂತ ಗ್ಯಾರಂಟಿ ಕಾರ್ಡ್ ಏನ್ ಬೇಕ್ರಿ.

ಅವತ್ತು ರಾತ್ರಿ ಎರಡು ಗಂಟೆ ತನಕ ಓದಿದ್ದೇ ಓದಿದ್ದು. 1948ರಾಗ ಐರ್ಲೆಂಡಿನ ಬ್ಯಾಲಿಶಾನನ್‌ನಾಗ ಹುಟ್ಟಿ ಕಾರ್ಕ್ ಊರಾಗ ಬೆಳದಾಂವ, 15 ವರ್ಷದ ಹುಡುಗ ಇದ್ದಾಗ 100 ಪೌಂಡಿನ ಒಂದು ಸೆಕೆಂಡ್ ಹ್ಯಾಂಡ್ ಸ್ಟ್ರ್ಯಾಟೊಕಾಸ್ಟರ್ ಗಿಟಾರ್ ಕಂತಿನ ಮ್ಯಾಲ ತಗೊಂಡ, ಸಾಯೋ ತನಕ ಅದನ್ನೇ ಬಾರಿಸಿದ. ಬೆವರಿಗಿ ಅದರ ಬಣ್ಣ ಎದ್ದೆದ್ದು ಹೋಗಿ ಬರೇ ಕಟ್ಟಿಗಿ ಉಳದದ, ಫೋಟೋ ನೋಡ್ರಿ. ಚೌಕಡಿ ಅಂಗಿ, ಜೀನ್ಸ್, ಮುಗೀತು. ಸಿಂಗಲ್ (ಒಂದೊಂದೇ ಹಾಡಿನ ರೆಕಾರ್ಡ್) ಬಿಡಂಗಿಲ್ಲ ಅಂತ ಹಟ ಹಿಡದ, ರೇಡಿಯೋದಾಗ ಹಾಡು ಹಿಟ್ ಆಗಿ ಹೆಸರು ಬರೋ ದಾರಿ ಅಲ್ಲೇ ಬಂದ್. 1975ರಾಗ ರೋಲಿಂಗ್ ಸ್ಟೋನ್ಸ್ ಅನ್ನೋ ದೊಡ್ಡ ಬ್ಯಾಂಡಿನೋರು ರಾಟರ್‌ಡ್ಯಾಮಿಗಿ ಕರದು ಕೂಡಿಸಿಕೊಂಡು ಬಾರಿಸಿದ್ರು, ಇಂವ ಬಾರಿಸಿ ತನ್ನ ಜಪಾನ್ ಟೂರ್ ಅದ ಅಂತ ಎದ್ದು ಹ್ವಾದ! ಅದಕ್ಕೇ ಗಿಟಾರ್ ಬಾರಿಸೋ ಹೆಂಡ್ರಿಕ್ಸ್, ಕ್ಲಾಪ್ಟನ್ ಹೆಸರು ನಮ್ ಇಂಜಿನಿಯರಿಂಗ್ ಹಾಸ್ಟೆಲಿನ ಹುಡುಗರಿಗೂ ಗೊತ್ತು, ಇಂವನ ಹೆಸರು ನಾನು 38 ವಯಸ್ಸಿಗಿ ರಿಪೇರಿ ಅಂಗಡಿದಾಗ ಕೇಳಿದೆ. 1995ರಾಗ ಲಿವರ್ ಬದಲಿಸಿದ ಮ್ಯಾಲ ಇನ್‌ಫೆಕ್ಷನ್ ಆಗಿ ಹ್ವಾದ, 47 ವರ್ಷ ಅಷ್ಟೇ. ಆ ಬಣ್ಣಗೇಡಿ ಗಿಟಾರ್ 2024ರಾಗ ಲಂಡನ್ ಹರಾಜಿನಾಗ ಸುಮಾರು 8.9 ಲಕ್ಷ ಪೌಂಡಿಗಿ ಹೋಗ್ಯಾದ.

ಈ ಕ್ಯಾಸೆಟಿನಾಗ ಇರೋದು 1974ರ ಜನವರಿ, ಬೆಲ್‌ಫಾಸ್ಟ್, ಡಬ್ಲಿನ್, ಕಾರ್ಕ್ ಮೂರೂ ಕಡಿ ಮಾಡಿದ ಪ್ರೋಗ್ರಾಂ. ಬೆಲ್‌ಫಾಸ್ಟ್‌ನಾಗ ಆಗ ಬಾಂಬು, ಗೋಲಿಬಾರು, ದೊಡ್ಡ ದೊಡ್ಡ ಬ್ಯಾಂಡಿನೋರು ಆ ಕಡಿ ತಲಿ ಹಾಕ್ತಿದ್ದಿಲ್ಲ, ಇಂವ ಮಾತ್ರ ಹೋಗಿ ಬಾರಿಸಿ ಬರ್ತಿದ್ದ. ಆ ಜನ ಯಾಕ ಹಂಗ ಕೂಗ್ತಾರ ಅಂತ ಆಮ್ಯಾಗ ತಿಳೀತು. (ನಮ್ ಕಡಿ ಬಾಂಬೂ ಇಲ್ಲ ಏನೂ ಇಲ್ಲ, ಆದ್ರೂ ಎಲ್ಲಾರೂ ಬೆಂಗಳೂರು ಮುಟ್ಟಿ ವಾಪಸ್ ಹೋಗ್ತಾರ, ಬಿಸಿಲಿಗಿ ಅಂಜಿ ಇರಬೇಕು.) ನಡುವ ಒಂದು ಹಾಡಿನಾಗ ಬ್ಯಾಂಡೆಲ್ಲಾ ಸುಮ್ಮನಾಗಿ ಇಂವ ಒಬ್ಬನೇ ಗಿಟಾರ್, ಮೌತ್ ಆರ್ಗನ್ ಹಿಡ್ಕೊಂಡು ಕಾಲಿಲೆ ತಾಳ ಹಾಕ್ಕೋತ ಹಾಡ್ತಾನ. ಆಯಿ ಬಾಜೂಕ ಕುಂತು ಶೇಂಗಾ ಸುಲೀತಿದ್ಲು, "ಇಂವ ಯಾವ್ ಊರಾಂವ" ಅಂತ ಕೇಳಿದ್ಲು, ಬಂದ್ ಮಾಡು ಅನ್ನಲಿಲ್ಲ.

ಇನ್ನ ಮುತ್ಯಾನ ಕ್ಯಾಸೆಟ್. ಎಂಪಿ3 ಮಾಡಿ ಪೆನ್ ಡ್ರೈವಿಗಿ ಹಾಕಿ ಕೊಟ್ರು, ಒಂದಕ್ಕ 100 ರೂಪಾಯಿ. ಮೊದಲ್ನೇ ಸರ್ತಿ ಕೆಟ್ಟಿತ್ತು, ಲೆವೆಲ್ ಜಾಸ್ತಿ ಇಟ್ಟು ತುಂಬಿಸ್ಯಾರ, ದಮ್ಮಡಿ ಹೊಡದಾಗೆಲ್ಲ ದನಿ ಒಡೀತಿತ್ತು. ವಾಪಸ್ ಒಯ್ದು ಹೇಳಿದೆ, ಬೈತಾರೇನೋ ಅನ್ಕೊಂಡಿದ್ದೆ, ಚಾಚಾ ಇಯರ್‌ಫೋನ್ ಹಚ್ಚಿ ಒಂದು ಪದ ಪೂರಾ ಕೇಳಿ "ಗಲ್ತಿ ಮೇರಿ" ಅಂತಂದು ಮತ್ತ ಪುಕಟ್ ಮಾಡಿಕೊಟ್ರು. ಈಗ ಮುತ್ಯಾ ಪದದ ನಡುವ ಕೆಮ್ಮಿ "ನೀರ್ ಕೊಡ್ರೋ" ಅಂದಿದ್ದೂ ಕೇಳಿಸ್ತದ. ಆಯಿ ಆ ಜಾಗಾ ಬಂದ್ರ ಹಿಂದಕ್ಕ ಹಾಕು ಅಂತಾಳ.

ಬೆಲ್ಟ್, ರೋಲರ್ 450, ಸರ್ವಿಸ್ 200, ಎರಡು ಕ್ಯಾಸೆಟ್ 200, ಒಟ್ಟು 850. ಫೋನ್‌ಪೇ ನಡೀತದ. ಡಯಲಿನ ಬಲ್ಬ್ ಹಾಕಿಕೊಡ್ತೀನಿ ಅಂದೋರು ಮರತಾರ, ಕತ್ತಲಿನಾಗ ಸ್ಟೇಷನ್ ಕಾಣಂಗಿಲ್ಲ. ಕೆಲಸಕ್ಕ ಐದರಾಗ ನಾಕು ಸ್ಟಾರ್, ಹೇಳಿದ ಟೈಮಿಗಿ ಒಂದು.

ಟೆಸ್ಟ್ ಕ್ಯಾಸೆಟ್ ಮಾರ್ತೀರೇನು ಅಂತ ಕೇಳಿದ್ದೆ, "ಇದು ಕೊಟ್ರ ದುಕಾನ ಬಂದ್ ಮಾಡಿ ಮನಿಗಿ ಹೋಗ್ಬೇಕು" ಅಂದ್ರು. ಫೋನಿನಾಗ ಫೋಟೋ ತೋರಿಸಿದೆ, ಭಾಳ ಹೊತ್ತು ನೋಡಿ "ಗ್ಯಾರೇಜ್ ಹುಡುಗ ಇದ್ದಂಗ ಅದಾನ" ಅಂದ್ರು, ಪೆನ್ ತಗೊಂಡು 'ಟೆಸ್ಟ್' ಬಾಜೂಕ ಉರ್ದುದಾಗ ರೋರಿ ಅಂತ ಬರಕೊಂಡ್ರು. 150 ರೂಪಾಯಿಗಿ ಕಾಪಿ ಮಾಡಿಕೊಟ್ರು. ಖಾಲಿ ಕ್ಯಾಸೆಟ್ ಈಗೆಲ್ಲಿ ಸಿಗ್ತಾವ್ರಿ, ಯಾರೋ ಬಿಟ್ಟುಹೋದ ಹಳೆ 90 ನಿಮಿಷದ ಕ್ಯಾಸೆಟಿನ ಮ್ಯಾಲಿನ ತೂತಿಗಿ ಟೇಪ್ ಹಚ್ಚಿ ಅದರಾಗೇ ತುಂಬಿಸ್ಯಾರ. ರೋರಿ ಮುಗದು ಜನ ಕೂಗೋದು ನಿಂತ ಮ್ಯಾಲ ಕೊನಿಗಿ ಎರಡು ನಿಮಿಷ ಯಾರದೋ ಲಗ್ನದಾಗ ಹೆಣ್ಮಕ್ಳು ಬೀಗರಿಗಿ ಬೈಯೋ ಹಾಡು ಬರ್ತದ.