ಝಡ್790 ಕೇಳಿ ಬಿ760 ತಂದರೆ ಏನಾಗುತ್ತದೆ

ಬೆಂಗಳೂರಿನ ಎಸ್‌ಪಿ ರೋಡಿಗೆ ಕಂಪ್ಯೂಟರ್ ಬಿಡಿಭಾಗ ತರಲು ಹೊರಟಿದ್ದರೆ ಇದನ್ನು ಓದಿಕೊಂಡು ಹೋಗಿ. ಓವರ್‌ಕ್ಲಾಕ್ ಮಾಡಬೇಕು (ಪ್ರೊಸೆಸರನ್ನು ಕಂಪನಿ ನಿಗದಿ ಮಾಡಿದ್ದಕ್ಕಿಂತ ಜೋರಾಗಿ ಓಡಿಸಬೇಕು), ಆದರೆ ಸದ್ದು ಬರಬಾರದು ಅಂತ ಬರೆದುಕೊಂಡು ಹೋದ ಪಟ್ಟಿ ಇದು: ಇಂಟೆಲ್ ಐ5-14600ಕೆ, ಝಡ್790 ಮದರ್‌ಬೋರ್ಡು, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್, ಮುಂದೆ ಜಾಲರಿ ಇರುವ ಕ್ಯಾಬಿನೆಟ್. ಮನೆಗೆ ಬಂದದ್ದು: ಪ್ರೊಸೆಸರ್ ಅದೇ, ಬೋರ್ಡು ಬಿ760, 8 ಜಿಬಿಯ ನಾಲ್ಕು ರ‍್ಯಾಮ್, ಮುಂದೆ ಗಾಜು ಹಾಕಿದ ಕ್ಯಾಬಿನೆಟ್. ಅಂಗಡಿಯವರು ಹೇಳಿದ್ದು: “ಝಡ್ ಸ್ಟಾಕ್ ಇಲ್ಲ ಸಾರ್, ಎರಡೂ ಒಂದೇ, ಇದರಲ್ಲಿ ದುಡ್ಡೂ ಉಳಿಯುತ್ತೆ.” ಈ ಒಂದು ಮಾತಿಗೆ ತಲೆಯಾಡಿಸಿದ್ದಷ್ಟೇ ತಪ್ಪು.

ಎರಡೂ ಒಂದೇ ಅಲ್ಲ. ಪ್ರೊಸೆಸರ್ ಹೆಸರಿನ ಕೊನೆಯ ‘ಕೆ’ ಅಂದರೆ ಮಲ್ಟಿಪ್ಲೈಯರ್‌ಗೆ (ಕೋರ್ ವೇಗ ನಿರ್ಧರಿಸುವ ಗುಣಕಕ್ಕೆ) ಬೀಗ ಇಲ್ಲ ಎಂದು. ಆದರೆ ಅದನ್ನು ಏರಿಸಲು ಬಿಡುವುದು ಝಡ್ ಸರಣಿಯ ಚಿಪ್‌ಸೆಟ್ (ಬೋರ್ಡಿನ ಮುಖ್ಯ ನಿಯಂತ್ರಕ ಚಿಪ್) ಮಾತ್ರ. ಬಿ760ನಲ್ಲಿ ರ‍್ಯಾಮ್ ವೇಗ ಏರಿಸಬಹುದು, ಕೋರ್ ವೇಗ ಆಗದು. ಬಯಾಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪರದೆಗೆ) ಹೋಗಿ ಮಲ್ಟಿಪ್ಲೈಯರ್ 55, ಅಂದರೆ 5.5 ಗಿಗಾಹರ್ಟ್ಸ್, ಅಂತ ಒತ್ತಿದರೂ 5.3 ಗಿಗಾಹರ್ಟ್ಸ್ ದಾಟಲಿಲ್ಲ. ಕೆ ಅಕ್ಷರಕ್ಕೆ ಕೊಟ್ಟ ಹೆಚ್ಚಿನ ದುಡ್ಡು ನೀರಿನಲ್ಲಿ ಹೋಮ. ಎಎಮ್‌ಡಿ ಕಡೆ ಲೆಕ್ಕ ಬೇರೆ: ಅಲ್ಲಿ ಬಿ650 ಬೋರ್ಡು ಸಾಕು, ಎ620 ಮಾತ್ರ ಬೇಡ. ಇನ್ನು ಅವರ 7800ಎಕ್ಸ್3ಡಿ ಪ್ರೊಸೆಸರ್ ತಗೊಂಡರೆ ಬೋರ್ಡು ಯಾವುದಿದ್ದರೂ ಮಲ್ಟಿಪ್ಲೈಯರ್ ಏರುವುದಿಲ್ಲ.

ಅಗ್ಗದ ಬೋರ್ಡಿನ ಇನ್ನೊಂದು ಕಾಟ ವಿಆರ್‌ಎಮ್, ಅಂದರೆ ಪ್ರೊಸೆಸರಿಗೆ ವೋಲ್ಟೇಜ್ ಹದಮಾಡಿ ಕೊಡುವ ಭಾಗ. 14600ಕೆ ಪೂರ್ತಿ ಓಡುವಾಗ 181 ವಾಟ್ ಎಳೆಯುತ್ತದೆ. ಸಾಕೆಟ್ಟಿನ ಎಡಕ್ಕೆ ಸಾಲಾಗಿರುವ ಆ ಕರಿ ಚಿಪ್‌ಗಳ ಮೇಲೆ ಹೀಟ್‌ಸಿಂಕ್ ಇಲ್ಲದಿದ್ದರೆ ಅವು ಕಾದು, ಪ್ರೊಸೆಸರ್ ವೇಗವನ್ನು ಬೋರ್ಡೇ ಇಳಿಸಿಬಿಡುತ್ತದೆ.

ಇನ್ನು ಸದ್ದು. ಗಾಜಿನ ಹಿಂದೆ ಬಣ್ಣದ ದೀಪದ ಮೂರು ಫ್ಯಾನ್, ನೋಡಲು ಮದುವೆ ಮಂಟಪ. ಗಾಳಿ ಬರಲು ಪಕ್ಕದಲ್ಲಿ ಒಂದು ಬೆರಳಿನಷ್ಟು ಸಂದಿ. ಫ್ಯಾನಿನ ವೈರಿನ ತುದಿ ಹಿಡಿದು ನೋಡಿದ್ದರೆ ಅಂಗಡಿಯಲ್ಲೇ ಗೊತ್ತಾಗುತ್ತಿತ್ತು. ನಾಲ್ಕು ತೂತಿನ ಚಿಕ್ಕ ಕನೆಕ್ಟರ್ ಇದ್ದರೆ ವೇಗವನ್ನು ಬೋರ್ಡು ನೇರ ಹಿಡಿತದಲ್ಲಿ ಇಟ್ಟುಕೊಳ್ಳುತ್ತದೆ. ಮೂರು ತೂತಿನದಾದರೆ ವೋಲ್ಟೇಜ್ ಇಳಿಸಿ ಪಳಗಿಸಬಹುದು. ದೊಡ್ಡ ಮೋಲೆಕ್ಸ್ ಕನೆಕ್ಟರ್ ಇದ್ದರೆ ಬಿಟ್ಟುಬಿಡಿ: ಪವರ್ ಸಪ್ಲೈಯಿಂದ ನೇರ 12 ವೋಲ್ಟ್, ಹಗಲು ರಾತ್ರಿ ಪೂರ್ಣ ವೇಗ. ಇಲ್ಲಿ ಬಂದದ್ದು ಅದೇ. ಬಯಾಸ್‌ನಲ್ಲಿ ಎಷ್ಟು ಚಂದದ ಫ್ಯಾನ್ ಕರ್ವ್ (ಬಿಸಿಗೆ ತಕ್ಕ ಫ್ಯಾನ್ ವೇಗದ ಗೆರೆ) ಎಳೆದರೂ ಅದಕ್ಕೆ ಕಿವಿಯಿಲ್ಲ. ಒಳಗಿನ ಬಿಸಿ ಹೊರಗೆ ಹೋಗದೆ ಪ್ರೊಸೆಸರ್ ಫ್ಯಾನೂ ಜೋರಾಯಿತು.

ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಸದ್ದು ಹೆಚ್ಚುಕಡಿಮೆ 15 ಡೆಸಿಬೆಲ್ ಇಳಿಯುತ್ತದೆ. ಹಾಗಾಗಿ ಜಾಗ ಇದ್ದರೆ 140 ಮಿಮೀ ಫ್ಯಾನ್ ಹಾಕಿ, ನಿಧಾನ ತಿರುಗಿಸಿ. ಕರ್ವ್‌ನ ಗೆರೆ 60 ಡಿಗ್ರಿವರೆಗೆ ಚಪ್ಪಟೆಯಾಗಿರಲಿ, ವೇಗ ಏರಲು ಕೆಲವು ಸೆಕೆಂಡ್ ತಡ ಕೊಡಿ. ಇಲ್ಲದಿದ್ದರೆ ಬ್ರೌಸರ್ ತೆರೆದಾಗಲೆಲ್ಲ ಬುಸ್ಸೆನ್ನುತ್ತದೆ. ಒಳ್ಳೆಯ ಟವರ್ ಕೂಲರ್ 155ರಿಂದ 165 ಮಿಮೀ ಎತ್ತರ ಇರುತ್ತದೆ. ಕ್ಯಾಬಿನೆಟ್ ಎಷ್ಟು ಎತ್ತರದವರೆಗೆ ಒಪ್ಪುತ್ತದೆ ಎಂದು ಮೊದಲೇ ನೋಡಿ, ಬಾಗಿಲು ಮುಚ್ಚಬೇಕಲ್ಲ. ಯಾವ ಗಾಳಿ ಕೂಲರೂ ಕೋಣೆಯ ಬಿಸಿಗಿಂತ ಕೆಳಗೆ ಇಳಿಸದು. ರಾಯಚೂರು, ಕಲಬುರಗಿ ಕಡೆಯವರು ಡಿಸೆಂಬರಿನಲ್ಲಿ ನಿಂತ ಓವರ್‌ಕ್ಲಾಕನ್ನು ಏಪ್ರಿಲ್ ಮಧ್ಯಾಹ್ನ ಮತ್ತೊಮ್ಮೆ ಪರೀಕ್ಷಿಸಬೇಕು.

ರ‍್ಯಾಮ್ ನಾಲ್ಕಾದರೆ ಡಿಡಿಆರ್5 ಮೆಮೊರಿ ಕಂಟ್ರೋಲರ್ ಏದುಸಿರು ಬಿಡುತ್ತದೆ. 6000ದ ಎಕ್ಸ್‌ಎಮ್‌ಪಿ (ರ‍್ಯಾಮ್ ವೇಗ ಏರಿಸುವ ಸಿದ್ಧ ಸೆಟ್ಟಿಂಗ್) ಹಾಕಿದ ಕೂಡಲೇ ಕಪ್ಪು ಪರದೆ. ಎರಡೇ ತಗೊಳ್ಳಿ, ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ.

ಪವರ್ ಸಪ್ಲೈ ಮೇಲಿನ ‘ಗೋಲ್ಡ್’ ಮುದ್ರೆ ದಕ್ಷತೆಯದ್ದು, ಸದ್ದಿನದ್ದಲ್ಲ. ಮನೆಯ ಹಳೆ 600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವಾಟ್. ಗ್ರಾಫಿಕ್ಸ್ ಕಾರ್ಡೂ ಪ್ರೊಸೆಸರೂ ಒಟ್ಟಿಗೆ ದುಡಿಯುವಾಗ ಕರೆಂಟು ಹೋದರೆ ಎಲ್ಲ ಆಫ್.

ಇಂಟೆಲ್ 13, 14ನೇ ತಲೆಮಾರಿನವರು ಓವರ್‌ಕ್ಲಾಕ್ ಕೈಗೆತ್ತಿಕೊಳ್ಳುವ ಮೊದಲು ಬಯಾಸ್ ಅಪ್‌ಡೇಟ್ ಮಾಡಿ. ಅತಿ ವೋಲ್ಟೇಜ್‌ನಿಂದ ಪ್ರೊಸೆಸರ್ ಸವೆಯುವ ದೋಷಕ್ಕೆ 2024ರ ಸೆಪ್ಟೆಂಬರಿನಲ್ಲಿ 0ಎಕ್ಸ್12ಬಿ ಎಂಬ ಮೈಕ್ರೋಕೋಡ್ (ಬಯಾಸ್ ಜೊತೆ ಬರುವ, ಪ್ರೊಸೆಸರ್ ಒಳಗಿನ ಕೋಡಿನ ತಿದ್ದುಪಡಿ) ಬಂತು; ಅದು ಅಥವಾ ಅದಕ್ಕಿಂತ ಹೊಸದು ಇರಲೇಬೇಕು. ದೋಷದ ಪಟ್ಟಿಯಲ್ಲಿರುವ ಬಾಕ್ಸ್ ಪ್ರೊಸೆಸರ್‌ಗಳ ವಾರಂಟಿಯನ್ನು ಇಂಟೆಲ್ 5 ವರ್ಷಕ್ಕೆ ಏರಿಸಿದೆ, 14600ಕೆ ಅದರಲ್ಲಿದೆ. ಟ್ರೇ ಪೀಸ್ (ಪೆಟ್ಟಿಗೆಯಿಲ್ಲದೆ ಬಿಡಿಯಾಗಿ ಮಾರುವ ಪ್ರೊಸೆಸರ್) ಅಗ್ಗ ಅಂತ ತಂದವರಿಗೆ ಇದು ನೇರವಾಗಿ ಸಿಗುವುದಿಲ್ಲ.

ಜಿಎಸ್‌ಟಿ ಬಿಲ್ಲಿನಲ್ಲಿ ಮಾಡೆಲ್ ಹೆಸರು ಪೂರ್ತಿ ಇರಲಿ, ಸೀರಿಯಲ್ ನಂಬರೂ ಇರಲಿ. ‘ಮದರ್‌ಬೋರ್ಡ್ – 1’ ಅಂತ ಬರೆದ ಬಿಲ್ ಇಟ್ಟುಕೊಂಡು ಏನೂ ಕೇಳಲಾಗದು. ಬೋರ್ಡಿನ ಪೆಟ್ಟಿಗೆಯನ್ನು ಕೌಂಟರಿನಲ್ಲೇ ತೆರೆಸಿ, ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ತೆಗೆಸಿ, ಪಿನ್ನುಗಳ ಫೋಟೋ ಹೊಡೆದುಕೊಳ್ಳಿ. ಈ ಬಿ760 ವಾಪಸ್ ಕೊಡಲು ಹೋದಾಗ ಅಂಗಡಿಯವರು ಮೊದಲು ಬೆರಳು ತೋರಿಸಿದ್ದು ಅಲ್ಲಿಗೇ: “ಪಿನ್ ಬೆಂಡ್ ಆಗಿದೆ ಸಾರ್.”