ಆರು ವರ್ಷ ಬಳಸಿದ ಪೀಕ್ ಫ್ಲೋ ಮೀಟರ್: ಉಬ್ಬಸ ಇರುವವರಿಗಾಗಿ

ನಮ್ಮ ಬಚ್ಚಲುಮನೆ ಪಕ್ಕದ ಗೂಡಿನಲ್ಲಿ ಬ್ರಷ್, ಪೇಸ್ಟ್ ಜೊತೆ ಒಂದು ಪ್ಲಾಸ್ಟಿಕ್ ಕೊಳವೆ ಇದೆ. ಗೇಣಿಗಿಂತ ಚಿಕ್ಕದು. ಒಂದು ತುದಿಯಲ್ಲಿ ಬಾಯಿಗಿಡುವ ಮೂತಿ, ಮೇಲೆ 60ರಿಂದ 800ರವರೆಗೆ ಅಂಕಿ, ಅದರ ಸೀಳಿನಲ್ಲಿ ಜಾರುವ ಕೆಂಪು ಮುಳ್ಳು. ಬ್ಯಾಟರಿ ಬೇಡ, ಮೊಬೈಲ್ ಬೇಡ. ಆರು ವರ್ಷದಿಂದ ಬೆಳಿಗ್ಗೆ ಎದ್ದ ಮೇಲೆ ನನ್ನ ಮೊದಲ ಕೆಲಸ ಅದಕ್ಕೆ ಊದುವುದು.

ನನಗೆ ಚಿಕ್ಕಂದಿನಿಂದ ಉಬ್ಬಸ. ಊರು ಶಿರಸಿ ಕಡೆ, ಮನೆ ತುಂಬ ಅಡಿಕೆ. ಕೊಯ್ಲು ಶುರುವಾದರೆ ಬೇಯಿಸುವ ಒಲೆಯ ಹೊಗೆ, ಚಾಲಿ (ಒಣಗಿಸಿದ ಅಡಿಕೆ) ಸುಲಿಯುವಾಗ ಧೂಳು, ಜೊತೆಗೆ ಬೆಳಗಿನ ಚಳಿ. ಮೂರೂ ನನ್ನ ಎದೆಗೆ ಆಗದ ವಸ್ತುಗಳೇ. ಮೀಟರ್ ತೆಗೆದುಕೊಳ್ಳಿ ಅಂತ ಡಾಕ್ಟರ್ ಹೇಳಿದಾಗ ಪೇಟೆಯ ಎರಡು ಔಷಧಿ ಅಂಗಡಿಯಲ್ಲಿ ಆ ಹೆಸರೇ ಗೊತ್ತಿರಲಿಲ್ಲ. ಮೂರನೆಯವರು ತರಿಸಿಕೊಟ್ಟರು. ನಾನೂರು ಚಿಲ್ಲರೆ ರೂಪಾಯಿ ಆಯಿತು.

ಇದು ಅಳೆಯುವುದು ಒಂದನ್ನೇ. ಎದೆ ತುಂಬ ಉಸಿರು ಎಳೆದು ಜೋರಾಗಿ ಊದಿದಾಗ ಗಾಳಿ ಅತಿ ಹೆಚ್ಚೆಂದರೆ ಎಷ್ಟು ವೇಗದಲ್ಲಿ ಹೊರಗೆ ಬರುತ್ತದೆ ಅಂತ. ಲೆಕ್ಕ ನಿಮಿಷಕ್ಕೆ ಇಷ್ಟು ಲೀಟರ್ ಅಂತ ಇರುತ್ತದೆ. ಹಾಗಂತ ಒಂದು ನಿಮಿಷ ಊದಬೇಕಿಲ್ಲ. ಬೈಕಿನ ಮೀಟರ್ ಗಂಟೆಗೆ 60 ಅಂತ ತೋರಿಸಲು ಒಂದು ಗಂಟೆ ಓಡಿಸಬೇಕಾಗಿಲ್ಲ ಅಲ್ವಾ, ಹಾಗೆ. ಉಬ್ಬಸ ಬಂದಾಗ ಶ್ವಾಸನಾಳ ಬಿಗಿಯುತ್ತದೆ, ಒಳಗೆ ಊದಿಕೊಳ್ಳುತ್ತದೆ. ದಾರಿ ಕಿರಿದಾದರೆ ಗಾಳಿಯ ವೇಗ ಇಳಿಯುತ್ತದೆ. ಮುಳ್ಳು ತೋರಿಸುವುದು ಆ ಇಳಿತವನ್ನು.

ಮೊದಲ ಎರಡು ವಾರ, ಆರಾಮಾಗಿದ್ದ ದಿನಗಳಲ್ಲಿ, ಬೆಳಿಗ್ಗೆ ಸಂಜೆ ಊದಿ ಬರೆದೆ. ಹೆಚ್ಚೆಂದರೆ 450 ಬಂತು. ಡಾಕ್ಟರ್ ಅದನ್ನೇ ನನ್ನ ಅಳತೆಗೋಲು ಮಾಡಿಕೊಟ್ಟರು. ಅದರ ಶೇಕಡಾ 80, ಅಂದರೆ 360ರ ಮೇಲಿದ್ದರೆ ಹಸಿರು. 225ರಿಂದ 360ರ ನಡುವೆ ಹಳದಿ. ಅದಕ್ಕೂ ಕೆಳಗೆ ಕೆಂಪು. ಹಳದಿ ಬಂದರೆ ಏನು ಮಾಡಬೇಕು, ಕೆಂಪು ಬಂದರೆ ಏನು ಮಾಡಬೇಕು ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಮೀಟರಿನಷ್ಟೇ ಬೆಲೆ ಆ ಚೀಟಿಗೂ ಇದೆ. ಅದಿಲ್ಲದಿದ್ದರೆ ಸುಮ್ನೆ ಅಂಕಿ ನೋಡಿ ಹೆದರಿಕೊಳ್ಳುವುದಷ್ಟೇ.

ಎರಡನೇ ವರ್ಷದ ಡಿಸೆಂಬರ್. ಅಂಗಳದಲ್ಲಿ ಅಡಿಕೆ ಹಂಡೆ ಕುದಿಯುತ್ತಿತ್ತು. ಕ್ಯಾಲೆಂಡರಿನಲ್ಲಿ ಬರೆದದ್ದು ಈಗಲೂ ಇದೆ: 440, 420, 390, 350. ನಾಲ್ಕನೇ ಬೆಳಿಗ್ಗೆ ನನಗೆ ಏನೂ ಆಗಿರಲಿಲ್ಲ. ಎದೆಯಲ್ಲಿ ಸುಂಯ್ ಅನ್ನುವ ಸದ್ದಿಲ್ಲ, ಕೆಮ್ಮಿಲ್ಲ. ಹಿಂದಿನ ಸಂಜೆ ತೋಟದಿಂದ ಹೊರೆ ಹೊತ್ತು ತಂದಿದ್ದೆ. ಮುಳ್ಳು ಸರಿಯಿಲ್ಲ ಅಂದುಕೊಂಡು ಮತ್ತೆ ಮೂರು ಸಲ ಊದಿದೆ. 350, 340, 350. ಡಾಕ್ಟರಿಗೆ ಫೋನ್ ಮಾಡಿದೆ. ಚೀಟಿಯಲ್ಲಿದ್ದ ಹಾಗೆ ಇನ್ಹೇಲರ್ ತೆಗೆದುಕೊಂಡೆ. ಒಲೆ ಕೆಲಸ ತಮ್ಮನಿಗೆ ಬಿಟ್ಟೆ. ಐದನೇ ದಿನಕ್ಕೆ 420 ಬಂತು. ಮೀಟರ್ ಬರುವ ಮೊದಲು ಒಂದು ವರ್ಷ ಇದೇ ಕಾಲದಲ್ಲಿ ರಾತ್ರಿ ಎರಡು ಗಂಟೆಗೆ ಜೀಪ್ ಮಾಡಿಕೊಂಡು ಆಸ್ಪತ್ರೆಗೆ ಓಡಿದ್ದೆವು. ಆಗಲೂ ನಾಲ್ಕು ದಿನ ಮೊದಲೇ ಇಳಿತ ಶುರುವಾಗಿತ್ತೋ ಏನೋ. ನೋಡಲು ಏನೂ ಇರಲಿಲ್ಲ. ಈಗ ಆಯಿ ಚಹಾ ಕೊಡುವಾಗ ಕೇಳುವುದೇ "ಎಷ್ಟು ಬಂತೋ ತಮಾ?" ಅಂತ.

ಊದುವ ಕ್ರಮ ಸರಿಯಾಗಿ ಕಲಿಯಲು ನನಗೆ ತಿಂಗಳೇ ಹಿಡಿಯಿತು. ನೆಟ್ಟಗೆ ನಿಲ್ಲಬೇಕು. ಮುಳ್ಳನ್ನು ಕೆಳಗೆ ಎಳೆದಿಡಬೇಕು. ತುಟಿ ಮೂತಿಯ ಸುತ್ತ ಬಿಗಿಯಾಗಿ ಮುಚ್ಚಬೇಕು. ಆಮೇಲೆ ಒಂದೇ ಏಟಿಗೆ, ದೀಪ ಆರಿಸುವ ಹಾಗೆ. ಉದ್ದ ಊದಿ ಪ್ರಯೋಜನ ಇಲ್ಲ. ಮೂರು ಸಲ ಊದಿ ಹೆಚ್ಚಿನದನ್ನು ಬರೆಯಬೇಕು, ಸರಾಸರಿ ಅಲ್ಲ. ಬೆರಳು ಮುಳ್ಳಿಗೆ ತಾಗಿದರೆ ಕಡಿಮೆ ತೋರಿಸುತ್ತದೆ. ಉಗುಳುವ ಹಾಗೆ ನಾಲಿಗೆ ಒದ್ದು ಊದಿದರೆ ಸುಳ್ಳೇ ಜಾಸ್ತಿ ಬರುತ್ತದೆ. ನನಗೆ ಒಂದು ದಿನ 520 ಬಂದು ಖುಷಿಪಟ್ಟಿದ್ದು ಹಾಗೇ. ಹೊತ್ತೂ ಮುಖ್ಯ. ಉಬ್ಬಸ ಇದ್ದವರಿಗೆ ಬೆಳಿಗ್ಗೆ ಅಂಕಿ ಕಡಿಮೆ, ಸಂಜೆ ಹೆಚ್ಚು. ಇವತ್ತಿನ ಬೆಳಿಗ್ಗೆಯನ್ನು ನಿನ್ನೆಯ ಸಂಜೆಗೆ ಹೋಲಿಸಬಾರದು.

ಇನ್ನು ದೂರು. ಮೂರನೇ ವರ್ಷದ ಕೊನೆಗೆ ಮುಳ್ಳು ಬಿಗಿಯಾಯಿತು. ಆರಾಮಾಗಿದ್ದಾಗಲೂ 300 ತೋರಿಸಿ ಎರಡು ದಿನ ನಿದ್ದೆಗೆಡಿಸಿತು. ಬಾಯಿ ಹತ್ತಿರದ ಅಂಕಿಗಳೂ ಅಳಿಸಿಹೋಗಿದ್ದವು. ಬೇರೆ ಕಂಪನಿಯ ಹೊಸದು ತಂದೆ. ಅದರಲ್ಲಿ 450 ಬರಲೇ ಇಲ್ಲ, 420ಕ್ಕೇ ನಿಂತಿತು. ನನ್ನ ಎದೆಯೇ ಕೆಟ್ಟಿತೆಂದು ಗಾಬರಿಯಾಯಿತು. ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಅಂಕಿ ಹಾಕುವುದರಲ್ಲೇ ಎರಡು ಪದ್ಧತಿ ಇದೆಯಂತೆ. ಹಳೆಯದು ರೈಟ್ ಅಳತೆ, ಹೊಸದು ಯುರೋಪಿನ ಇ.ಯು. ಅಳತೆ. ಅದೇ ಉಸಿರಿಗೆ ಎರಡರಲ್ಲಿ ಬೇರೆ ಬೇರೆ ಅಂಕಿ. ಬ್ರಿಟನ್ನಿನಲ್ಲಿ 2004ರಲ್ಲಿ ಹೊಸ ಅಳತೆಗೆ ಬದಲಾಯಿಸಿದರು. ಹಾಗಾಗಿ ಮೀಟರ್ ಬದಲಿಸಿದರೆ ಹಸಿರು, ಹಳದಿ ಗೆರೆಗಳನ್ನೂ ಹೊಸದಾಗಿ ಹಾಕಿಸಿಕೊಳ್ಳಿ. ಡಬ್ಬಿಯ ಮೇಲೆ ಇದನ್ನು ಕನ್ನಡದಲ್ಲಿ ಒಂದು ಸಾಲು ಬರೆದಿದ್ದರೆ ನನ್ನ ಎರಡು ವಾರದ ಸಂಕಟ ತಪ್ಪುತ್ತಿತ್ತು. ಈ ಮಾತು ನನಗೆ ಇವತ್ತಿಗೂ ಬೇಸರ.

ರೈಟ್ ಅನ್ನುವುದು ಈ ಸಾಧನ ಮಾಡಿದ ಬ್ರಿಟನ್ನಿನ ಬೇಸಿಲ್ ಮಾರ್ಟಿನ್ ರೈಟ್ ಅವರ ಹೆಸರು. 1959ರಲ್ಲಿ ಅವರು ಜಗತ್ತಿಗೆ ತೋರಿಸಿದ್ದು ದುಂಡಗಿನ, ದೊಡ್ಡ ಲೋಹದ ಮೀಟರ್. ಮನೆಯಲ್ಲಿಟ್ಟುಕೊಳ್ಳುವ ಪ್ಲಾಸ್ಟಿಕ್ಕಿನ ಪುಟ್ಟ ರೂಪ ಬಂದದ್ದು 1970ರ ದಶಕದಲ್ಲಿ. ನಮ್ಮಂಥವರ ಗೂಡಿಗೆ ಇದು ಬಂದದ್ದು ಆ ಪುಟ್ಟ ರೂಪದಿಂದಲೇ, ಅವರಿಗೆ ನನ್ನ ನಮಸ್ಕಾರ.

ಸ್ಪೈರೋಮೆಟ್ರಿ (ಆಸ್ಪತ್ರೆಯಲ್ಲಿ ಯಂತ್ರಕ್ಕೆ ಊದಿಸಿ ಮಾಡುವ ಉಸಿರಿನ ಪರೀಕ್ಷೆ) ಬದಲು ಇದು ಸಾಕಾ ಅಂತ ಕೆಲವರು ಕೇಳುತ್ತಾರೆ. ಸಾಲದು. ನಾನು ವರ್ಷಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಅದನ್ನೂ ಮಾಡಿಸುತ್ತೇನೆ. ಅಲ್ಲಿ ಮೂಗಿಗೆ ಕ್ಲಿಪ್ ಹಾಕುತ್ತಾರೆ. "ಊದಿ, ಊದಿ, ಇನ್ನೂ ಊದಿ" ಅಂತ ಪಕ್ಕದಲ್ಲೇ ನಿಂತು ಕೂಗುತ್ತಾರೆ, ಎದೆ ಪೂರ್ತಿ ಖಾಲಿ ಆಗುವ ತನಕ. ಒಟ್ಟು ಎಷ್ಟು ಗಾಳಿ ಬಂತು, ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಬಂತು ಅಂತ ಯಂತ್ರ ಗೆರೆ ಎಳೆದು ತೋರಿಸುತ್ತದೆ. ಆಮೇಲೆ ಇನ್ಹೇಲರ್ ಕೊಟ್ಟು, ಕಾಲು ಗಂಟೆ ಕೂರಿಸಿ, ಮತ್ತೆ ಊದಿಸುತ್ತಾರೆ. ಔಷಧಿಗೆ ದಾರಿ ಎಷ್ಟು ತೆರೆಯಿತು ಅಂತ ಗೊತ್ತಾಗುವುದು ಅಲ್ಲಿ. ರೋಗ ಯಾವುದು ಅಂತ ಹೇಳಲು ಅದು ಬೇಕು. ಮನೆಯ ಮೀಟರಿಗೆ ಸಣ್ಣ ನಾಳಗಳ ತೊಂದರೆ ಸರಿಯಾಗಿ ಕಾಣುವುದಿಲ್ಲ. ಆದರೆ ಹುಬ್ಬಳ್ಳಿಯ ಯಂತ್ರ ನನ್ನನ್ನು ನೋಡುವುದು ವರ್ಷದಲ್ಲಿ ಒಂದು ದಿನ. ಉಳಿದ 364 ದಿನ ಈ ಕೊಳವೆಯೇ.

ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ತರಬೇಡಿ, ಅವರಿಗೆ ಹೀಗೆ ಊದಲು ಬರುವುದಿಲ್ಲ. ದೊಡ್ಡ ಮಕ್ಕಳಿಗೆ ಕಡಿಮೆ ಅಂಕಿಯ ಬೇರೆ ಮೀಟರ್ ಸಿಗುತ್ತದೆ. ಮಾತಾಡಲೂ ಆಗದಷ್ಟು ಉಸಿರು ಕಟ್ಟಿದರೆ ಅಂಕಿ ನೋಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ನಾನು ವಾರಕ್ಕೊಮ್ಮೆ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ಕೊಡವಿ, ನೆರಳಿನಲ್ಲಿ ಒಣಗಿಸುತ್ತೇನೆ. ಎರಡನೇ ಮೀಟರಿಗೆ ಈಗ ಮೂರು ವರ್ಷ. ಮುಳ್ಳು ಇನ್ನೂ ಸಲೀಸಾಗಿ ಜಾರುತ್ತಿದೆ. ಆದರೂ ಈ ಕೊಯ್ಲಿಗೆ ಮೊದಲೇ ಅದೇ ಕಂಪನಿಯ, ಅದೇ ಅಳತೆಯ ಇನ್ನೊಂದಕ್ಕೆ ಅಂಗಡಿಯಲ್ಲಿ ಹೇಳಿಟ್ಟಿದ್ದೇನೆ.